ವಿದೇಶಿ ಕಾರ್ಡಿನಲ್ಲಿ ಹಣ ಬಂದಿದೆ, ಸೀರೆ ಕಳಿಸಲೇ?
ಡೊಂಬಿವಲಿಯಿಂದ ಇಳಕಲ್ ಸೀರೆ ಮಾರುವವರ ಪ್ರಶ್ನೆ: ಅಮೆರಿಕದ ಕಾರ್ಡಿನಲ್ಲಿ ಆರು ಸೀರೆಗೆ ಹಣ ಬಂದಿದೆ, ವಿಳಾಸ ಮಾತ್ರ ಅಂಧೇರಿಯ ಒಂದು ಲಾಡ್ಜಿನದು.

ಇವತ್ತೇ ಕಳಿಸಬೇಡಿ. ನಮ್ಮ ಕಾರ್ಡಿಗೆ ಒಟಿಪಿ ಬೇಕು. ಹೊರದೇಶದ ಎಷ್ಟೋ ಕಾರ್ಡುಗಳು ನಂಬರ್, ಸಿವಿವಿ ಇದ್ದರೆ ನಡೆದುಬಿಡುತ್ತವೆ. ಕದ್ದ ಕಾರ್ಡಾಗಿದ್ದರೆ ಅದರ ಒಡೆಯ ತಿಂಗಳುಗಳ ನಂತರವೂ ತಕರಾರು ಎತ್ತಬಹುದು. ಆಗ ಬ್ಯಾಂಕು ಆ ಹಣವನ್ನು ನಿಮ್ಮಿಂದ ವಾಪಸ್ ಪಡೆಯಬಹುದು, ಇದೇ ಚಾರ್ಜ್‌ಬ್ಯಾಕ್. ಸೀರೆಯೂ ಇಲ್ಲ, ಹಣವೂ ಇಲ್ಲ, ಚಾರ್ಜ್‌ಬ್ಯಾಕ್ ಶುಲ್ಕ ಬೇರೆ.

ಪೇಮೆಂಟ್ ಗೇಟ್‌ವೇಯಲ್ಲಿ 3ಡಿ ಸೆಕ್ಯೂರ್, ಅಂದರೆ ಕಾರ್ಡ್ ಬಳಸಿದವರು ಅದರ ಒಡೆಯರೇ ಎಂದು ಬ್ಯಾಂಕು ಮಾಡುವ ಪರಿಶೀಲನೆ, ಆಗಿದೆಯೇ ನೋಡಿ. ಆಗಿದ್ದರೆ ವಂಚನೆಯ ಹೊಣೆ ಹೆಚ್ಚಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ಇಲ್ಲದಿದ್ದರೆ ಫೋನ್ ಮಾಡಿ ಮಾತಾಡಿಸಿ. ಬಣ್ಣ, ಸೆರಗು ಏನೂ ಕೇಳದೆ ‘ಬೇಗ ಕಳಿಸಿ’ ಅನ್ನುವ ಗಿರಾಕಿ ಸೀರೆ ಉಡುವವರಲ್ಲ! ಅನುಮಾನ ಉಳಿದರೆ ಅದೇ ಕಾರ್ಡಿಗೆ ರಿಫಂಡ್ ಮಾಡಿ. ಯುಪಿಐಗೆ ಹಾಕಿ ಎಂದರೆ ಹಾಕಲೇಬೇಡಿ. ಪಾರ್ಸೆಲ್ ಹೊರಟಿದ್ದರೆ ಕೊರಿಯರ್‌ನವರಿಗೆ ಹೇಳಿ ವಾಪಸ್ ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.