ಚೀಲ ಹಿಡಿದವನ ಕಾಲನ್ನೂ ತೊಳೆದರು

ಪುಣೆಯ ಓದುಗರೊಬ್ಬರು ಬರೆದ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ, ಉದ್ದವಾಗಿದ್ದುದನ್ನು ಮೊಟಕುಗೊಳಿಸಿದ್ದೇವೆ):

"ಮಾನ್ಯ ಸಂಪಾದಕರೇ, ನಾನು ಉಡುಪಿ ಕಡೆಯವನು. ಇಲ್ಲಿ ಪಿಂಪ್ರಿಯ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತೇನೆ. 'ನೀವು ಇಗರ್ಜಿಗೆ ಹೋಗುವ ಜನ, ಮೋಸ ಮಾಡುವುದಿಲ್ಲ' ಎಂದು ಧಣಿಗಳೇ ನನ್ನನ್ನು ಅಲ್ಲಿ ಕೂರಿಸಿದ್ದು. ಹದಿನಾಲ್ಕು ತಿಂಗಳಿಂದ ಬಿಲ್ ಮಾಡದ ಪಾರ್ಸೆಲ್‌ಗಳ ನಗದನ್ನು ಆಗಾಗ ಜೇಬಿಗೆ ಹಾಕಿಕೊಂಡಿದ್ದೇನೆ. ಮೊದಲ ಸಲ ಅಮ್ಮನ ಔಷಧಿಗೆ. ಆಮೇಲಿನದೆಲ್ಲ ಮೊಬೈಲಿನ ರಮ್ಮಿಗೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 38,400 ರೂಪಾಯಿ. ಪ್ರತಿ ಸಲವೂ ರಾತ್ರಿ ಮೊಣಕಾಲೂರಿ, 'ಕರ್ತನೇ, ಇನ್ನು ಮಾಡುವುದಿಲ್ಲ, ತೀರಿಸಿಬಿಡುತ್ತೇನೆ' ಎಂದು ಅಳುತ್ತೇನೆ. ಹತ್ತು ದಿನ ಕಳೆದರೆ ಮತ್ತೆ ಕೈ ಹೋಗುತ್ತದೆ. ಏಳು ತಿಂಗಳಿಂದ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಹಣದ ಚೀಲದಿಂದ ಕದಿಯುತ್ತಿದ್ದ, ಅವನ ಗತಿಯೇ ನನಗೂ ಅನ್ನಿಸುತ್ತದೆ. ದೇವರು ಇನ್ನೆಷ್ಟು ಸಲ ಕ್ಷಮಿಸಿಯಾನು?"

ಪ್ರಿಯ ಸಹೋದರ,

ಯೂದ ಕೊನೆಗೆ ತಾನೇ ಜೀವ ಕಳೆದುಕೊಂಡವನು, ಹಾಗಾಗಿ 'ಅವನ ಗತಿಯೇ ನನಗೂ' ಎಂಬ ಮಾತು ಓದಿದವನೇ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹಿಂದೆ ತಟ್ಟೆಗಳ ಸದ್ದು, ಯಾರೋ ಎರಡು ಇಡ್ಲಿ-ವಡೆ ಎಂದು ಕೂಗುತ್ತಿದ್ದರು. "ಅಂಥದ್ದೇನೂ ಇಲ್ಲ ಸಾರ್" ಎಂದಿರಿ. ನಂಬಿದ್ದೇನೆ. ಆದರೂ ಈ ಪುಟವನ್ನು ಓದುವವರಲ್ಲಿ ಇನ್ಯಾರಿಗಾದರೂ ಜೀವ ಬೇಡ ಎನಿಸುವ ರಾತ್ರಿಗಳಿದ್ದರೆ, ಸರ್ಕಾರದ ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಎತ್ತುತ್ತಾರೆ. ಬೈಬಲ್ ಓದುವುದನ್ನು ಆಮೇಲೆ ಮಾಡಿದರಾಯಿತು.

ಈಗ ಯೂದನ ವಿಷಯ. ಚೀಲ ಅವನ ಕೈಲಿತ್ತು, ಅದರಲ್ಲಿ ಹಾಕಿದ್ದನ್ನು ಅವನು ತೆಗೆದುಕೊಳ್ಳುತ್ತಿದ್ದ ಎಂದು ಯೋಹಾನನ ಸುವಾರ್ತೆಯ 12ನೇ ಅಧ್ಯಾಯ ಹೇಳುವುದು ನಿಜ. ನೀವು ಅಲ್ಲಿಗೇ ಪುಸ್ತಕ ಮುಚ್ಚಿದಂತಿದೆ. 13ನೇ ಅಧ್ಯಾಯದಲ್ಲಿ ಯೇಸು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಯೂದ ಎದ್ದುಹೋಗುವುದು ಅದಾದ ಮೇಲೆ. ಅಂದರೆ ಚೀಲಕ್ಕೆ ಕೈ ಹಾಕಿದವನ ಕಾಲೂ ಆ ಬೋಗುಣಿಯಲ್ಲಿತ್ತು. ತೊಳೆಯುತ್ತಿದ್ದವರಿಗೆ ಅದು ಗೊತ್ತಿತ್ತು.

ಇನ್ನೂ ಒಂದಿದೆ. ಯೂದ ಪಶ್ಚಾತ್ತಾಪಪಡಲಿಲ್ಲ ಎಂದು ನಾವು ಸಂಡೇ ಸ್ಕೂಲಿನಲ್ಲಿ ಕಲಿತ ಹಾಗಿದೆ, ಆದರೆ ಮತ್ತಾಯ 27 ಬೇರೆಯೇ ಹೇಳುತ್ತದೆ. ಅವನು ಮರುಗಿದ. 'ನಾನು ಪಾಪ ಮಾಡಿದೆ' ಎಂದು ಬಾಯಿಬಿಟ್ಟು ಹೇಳಿದ. ಯೇಸುವನ್ನು ಹಿಡಿದುಕೊಡಲು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನೂ ವಾಪಸು ಕೊಟ್ಟ. ಲೆಕ್ಕದ ಪ್ರಕಾರ ಎಲ್ಲ ಸರಿಯಾಗಿಯೇ ಮಾಡಿದ! ಆದರೆ ಹೋದದ್ದು ಯಾಜಕರ ಹತ್ತಿರ. ಅವರು 'ಅದು ನಮಗೇನು? ನೀನೇ ನೋಡಿಕೋ' ಎಂದರು. ಅದೇ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರನೂ ಬಿದ್ದಿದ್ದ. ಇದ್ದಿಲ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ, ಯೇಸುವಿನ ಬಗ್ಗೆ ಕೇಳಿದಾಗ ಆ ಮನುಷ್ಯನನ್ನು ನಾನರಿಯೆ ಎಂದು ಮೂರು ಸಲ ಅಂದವನು. ಅವನು ಹೊರಗೆ ಹೋಗಿ ಅತ್ತ, ಆದರೆ ಉಳಿದ ಶಿಷ್ಯರನ್ನು ಬಿಟ್ಟುಹೋಗಲಿಲ್ಲ. ಮುಂದೆ ಸಮುದ್ರದ ದಡದಲ್ಲಿ ಇನ್ನೊಂದು ಇದ್ದಿಲ ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೂರು ಸಲ ಅಲ್ಲಗಳೆದವನನ್ನು 'ನನ್ನ ಮೇಲೆ ಪ್ರೀತಿ ಇದೆಯೋ' ಎಂದು ಯೇಸು ಮೂರೇ ಸಲ ಕೇಳಿದರು. ಅದೂ ಊಟ ಹಾಕಿದ ಮೇಲೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದೆಂದು ಅಳೆಯಲು ನನಗೆ ತಕ್ಕಡಿ ಇಲ್ಲ. ಯಾರ ಬಳಿ ಹೋದರು ಎಂಬುದಷ್ಟೇ ನನಗೆ ಕಾಣುತ್ತದೆ.

ಎಷ್ಟು ಸಲ ಎಂದು ಕೇಳಿದ್ದೀರಿ. ಅದನ್ನು ನಿಮಗಿಂತ ಮೊದಲು ಕೇಳಿದವನೂ ಈ ಪೇತ್ರನೇ, ಏಳು ಸಲ ಸಾಕೇ ಎಂದು. ಏಳಲ್ಲ, ಏಳೆಪ್ಪತ್ತು ಸಲ ಎಂಬ ಉತ್ತರ ಬಂತು. ಗಲ್ಲಾದಲ್ಲಿ ಕೂತು ಅಭ್ಯಾಸವಾದವರು ಗುಣಿಸಿ 490 ಎಂದು ಬರೆದಿಟ್ಟುಕೊಳ್ಳಬಹುದು, ಅದಕ್ಕೇ ಯೇಸು ಒಂದು ಕಥೆಯನ್ನೂ ಸೇರಿಸಿದರು. ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಆರು ಕೋಟಿ ದಿನಗಳ ಕೂಲಿ ಬಾಕಿ! ಅಂಥವನು ಅಡ್ಡಬಿದ್ದು ಕೇಳಿದ್ದೇನು? 'ಸ್ವಲ್ಪ ತಾಳಿಕೊಳ್ಳಿ, ಎಲ್ಲ ತೀರಿಸುತ್ತೇನೆ.' ಅವನು ಕೇಳಿದ್ದು ವಾಯಿದೆ, ಮಾಫಿ ಅಲ್ಲ. ಅರಸ ವಾಯಿದೆ ಕೊಡಲಿಲ್ಲ, ಸಾಲವನ್ನೇ ಬಿಟ್ಟುಬಿಟ್ಟ.

ನಿಮ್ಮ ರಾತ್ರಿಯ ಪ್ರಾರ್ಥನೆಯನ್ನು ಇನ್ನೊಮ್ಮೆ ಓದಿ ನೋಡಿ. 'ಇನ್ನು ಮಾಡುವುದಿಲ್ಲ, ತೀರಿಸಿಬಿಡುತ್ತೇನೆ.' ಇದು ಆ ಆಳಿನ ಮಾತೇ. ಹದಿನಾಲ್ಕು ತಿಂಗಳಿಂದ ನೀವು ದೇವರ ಹತ್ತಿರ ವಾಯಿದೆ ಕೇಳುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ಕ್ಷಮೆಯನ್ನು ನೀವಿನ್ನೂ ಕೇಳಿಯೇ ಇಲ್ಲ. ಒಳ್ಳೆಯವನಾಗಿ ತೋರಿಸುತ್ತೇನೆ, ಆಮೇಲೆ ನನ್ನನ್ನು ಒಳಗೆ ಸೇರಿಸು ಎಂಬ ಕರಾರು ನಿಮ್ಮದು. ಅವಧಿ ಮುಗಿಯುತ್ತದೆ, ಕಂತು ತಪ್ಪುತ್ತದೆ, ಮುಖ ತೋರಿಸಲು ನಾಚಿಕೆ, ಹಿಂದಿನ ಬೆಂಚು. ಯೇಸು ಹೇಳಿದ ಇನ್ನೊಂದು ಕಥೆಯಲ್ಲಿ ಮನೆ ಬಿಟ್ಟುಹೋದ ಕಿರಿಮಗನೂ ವಾಪಸು ಬರುವಾಗ ಮೂರು ಮಾತು ಬಾಯಿಪಾಠ ಮಾಡಿಕೊಂಡು ಹೊರಟಿದ್ದ: ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನನ್ನಾಗಿ ಇಟ್ಟುಕೋ. ಲೂಕ 15ರಲ್ಲಿ ಬೆರಳಿಟ್ಟು ಓದಿ. ಅಪ್ಪನ ಮುಂದೆ ಬಂದಾಗ ಎರಡೇ ಮಾತು ಹೊರಬರುತ್ತದೆ. ಕೂಲಿಯ ಮಾತು ಬಾಯಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ಅಂಗಿ ತರಲು ಹೇಳಿ ಆಗಿರುತ್ತದೆ.

ನಮ್ಮ ಪುಣೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ದೌಂಡ್ ಕಡೆಯ ರೈಲು ಹತ್ತಿದರೆ ಕೇಡ್ಗಾಂವ್ ಬರುತ್ತದೆ, ಅಲ್ಲಿ ಪಂಡಿತಾ ರಮಾಬಾಯಿಯವರು ನಿರ್ಗತಿಕ ಹೆಂಗಸರಿಗಾಗಿ ಕಟ್ಟಿದ ಮುಕ್ತಿ ಮಿಷನ್. ನಾನು ಎರಡು ಸಲ ಹೋಗಿಬಂದಿದ್ದೇನೆ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. (ಇದನ್ನು ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಓದುಗರು ಮನ್ನಿಸಬೇಕು.) ಇಂಗ್ಲೆಂಡಿನಲ್ಲಿ ದಾರಿತಪ್ಪಿದವರೆಂದು ಸಮಾಜ ಹೊರಗಿಟ್ಟ ಹೆಂಗಸರನ್ನು ಕನ್ಯಾಸ್ತ್ರೀಯರು ಅಕ್ಕತಂಗಿಯರಂತೆ ನೋಡಿಕೊಳ್ಳುವುದನ್ನು ಕಂಡು, ಇದು ಎಲ್ಲಿಂದ ಬಂತೆಂದು ವಿಚಾರಿಸಿದರು. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತಾಡಿದ ಪ್ರಸಂಗವನ್ನು ಓದಿ ಹೇಳಿದರಂತೆ. 1883ರಲ್ಲಿ ದೀಕ್ಷಾಸ್ನಾನ ಆಯಿತು. ಅದಾಗಿ ಸುಮಾರು ಎಂಟು ವರ್ಷ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಆಕೆಯೇ ಬರೆದಿದ್ದಾರೆ. ಅಷ್ಟು ಓದಿದವರಿಗೇ ಎಂಟು ವರ್ಷ ಹಿಡಿಯಿತು. ನಿಮ್ಮದಿನ್ನೂ ಹದಿನಾಲ್ಕು ತಿಂಗಳು. ಮುಂದೆ ಕೇಡ್ಗಾಂವ್‌ನಲ್ಲಿ ಅಂಥ ಹೆಂಗಸರಿಗೆಂದೇ ಅವರು ಕಟ್ಟಿಸಿದ ಮನೆಯ ಹೆಸರು ಕೃಪಾ ಸದನ.

ಶೋಧನೆಯ (ಪಾಪದ ಕಡೆಗೆ ಎಳೆಯುವ ಸೆಳೆತದ) ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶೋಧನೆ ಬರುವುದೇ ಪಾಪವಲ್ಲ, ಯೇಸುವಿಗೂ ಬಂತು. ನಲವತ್ತು ದಿನ ಉಪವಾಸವಿದ್ದವರಿಗೆ ಸೈತಾನ ಮೊದಲು ತೋರಿಸಿದ್ದು ಅರಮನೆಯನ್ನಲ್ಲ, ರೊಟ್ಟಿಯನ್ನು. ನಿಮಗೂ ಮೊದಲು ತೋರಿಸಿದ್ದು ಔಷಧಿಯ ಚೀಟಿ, ರಮ್ಮಿ ಬಂದದ್ದು ಆಮೇಲೆ. ಆದರೆ ಒಂದು ಮಾತು. ಒಡೆಯ ಪೋಟೀಫರನ ಹೆಂಡತಿ ತನ್ನನ್ನು ಬಯಸಿ ಬಟ್ಟೆ ಹಿಡಿದಾಗ ಯೋಸೇಫ ಅಲ್ಲೇ ನಿಂತು ಪ್ರಾರ್ಥನೆ ಮಾಡಲಿಲ್ಲ, ಬಟ್ಟೆ ಬಿಟ್ಟು ಓಡಿದ. ಡ್ರಾಯರ್ ತೆರೆದಿಟ್ಟುಕೊಂಡು ಬಲ ಕೊಡು ಎಂದು ಬೇಡುವುದು ಭಕ್ತಿಯಂತೆ ಕಾಣಬಹುದು, ಜಾಣತನವಂತೂ ಅಲ್ಲ. ಗಲ್ಲಾದಿಂದ ಏಳಿ. ಸಪ್ಲೈಗೆ ಹೋಗಿ, ಸ್ಟೋರ್ ನೋಡಿಕೊಳ್ಳಿ, ಸಂಬಳ ಕಡಿಮೆಯಾದರೂ ಸರಿ. ರಮ್ಮಿಯನ್ನು ಇವತ್ತೇ ಮೊಬೈಲಿನಿಂದ ಅಳಿಸಿ.

ದುಡ್ಡು? ಕೊಡಲೇಬೇಕು. ಕ್ಷಮೆ ಉಚಿತ, 38,400 ಧಣಿಗಳದ್ದು. ಬೈಬಲಿನ ಅರಣ್ಯಕಾಂಡದ 5ನೇ ಅಧ್ಯಾಯ ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆನ್ನುತ್ತದೆ, ಆ ಲೆಕ್ಕದಲ್ಲಿ 46,080. ಸುಂಕ ವಸೂಲಿಯ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ. ಆದರೆ ಅವನು ಹಾಗೆಂದದ್ದು ಯಾವಾಗ? ಮರದಿಂದ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದು ಯೇಸು ಹೇಳಿದ ಮೇಲೆ. ಅತಿಥಿ ಮನೆಯೊಳಗೆ ಬಂದಾಗಿತ್ತು, ಪೆಟ್ಟಿಗೆಯ ಬೀಗ ತೆರೆದದ್ದು ಆಮೇಲೆ. ಧಣಿಗಳು ಕ್ಷಮಿಸಬಹುದು, ಕೆಲಸದಿಂದ ತೆಗೆಯಬಹುದು, ಪೊಲೀಸರಿಗೂ ಹೇಳಬಹುದು. ಅವರು ಹಾಗೆ ಮಾಡುವುದಿಲ್ಲ ಎಂದು ನಾನು ಬರೆದುಕೊಟ್ಟರೆ ಅದು ಸುಳ್ಳಾಗುತ್ತದೆ. ಅವರು ದೇವರಲ್ಲ, ಹೋಟೆಲ್ ನಡೆಸುವವರು. ಅವರು ಏನು ಮಾಡಿದರೂ ನಿಮ್ಮ ಕಾಲು ತೊಳೆದವರು ತೊಳೆದಾಗಿದೆ.

ಕರ್ತನ ಭೋಜನಕ್ಕೆ ಈ ತಿಂಗಳೇ ಬನ್ನಿ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು ಪೌಲ ಬರೆದಿದ್ದಾನೆ. ಪರೀಕ್ಷಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರಲಿ ಎಂದಲ್ಲ.

ಇನ್ನೊಂದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಕಥೋಲಿಕರಿಗೆ ಪಾಪನಿವೇದನೆ ಇದೆ. ನಮ್ಮಂಥ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಒಬ್ಬರ ಕಿವಿಗೆ ಹೇಳಿಕೊಳ್ಳುವ ಆ ರೂಢಿ ಇಲ್ಲ, ಅದೊಂದು ಕೊರತೆಯೆಂದೇ ನನ್ನ ಅನಿಸಿಕೆ. ಹೀಗಾಗಿ ಎಷ್ಟೋ ವರ್ಷದ ಹಿಂದಿನದು ನನ್ನಲ್ಲೇ ಉಳಿದಿತ್ತು. ಮಗಳ ಕಾಲೇಜು ಫೀಸಿಗೆ ಕಡಿಮೆ ಬಿದ್ದಾಗ ಹನ್ನೊಂದು ಜನ ಓದುಗರ ಚಂದಾ ಹಣವನ್ನು ಬಳಸಿಕೊಂಡಿದ್ದೆ. ಎರಡು ತಿಂಗಳಲ್ಲಿ ವಾಪಸು ಕಟ್ಟಿದೆ, ಯಾರಿಗೂ ತಿಳಿಯಲಿಲ್ಲ. ಕಟ್ಟಿಯಾಯಿತಲ್ಲ ಎಂದು ನನಗೆ ನಾನೇ ರಸೀದಿ ಬರೆದುಕೊಂಡಿದ್ದೆ. ನಿಮ್ಮ ಪತ್ರ ಬಂದ ಮೇಲೆ ಕಳೆದ ಭಾನುವಾರ ನಮ್ಮ ಖಜಾಂಚಿಯವರನ್ನು ಚರ್ಚ್ ಅಂಗಳದ ಮೂಲೆಗೆ ಕರೆದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ವರ್ಷದ ರಸೀದಿ ಪುಸ್ತಕ ತನ್ನಿ, ನೋಡುವ" ಎಂದರು. ನಾಳೆ ತೆಗೆದುಕೊಂಡು ಹೋಗಬೇಕು.

ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಿಮ್ಮಲ್ಲಿ ಗಿರಾಕಿ ಕಡಿಮೆ, ಧಣಿಗಳು ಆಗ ಒಬ್ಬರೇ ಕೂತಿರುತ್ತಾರೆ ಎಂದು ಫೋನಿನಲ್ಲಿ ಹೇಳಿದಿರಿ. ಈ ಸಂಚಿಕೆ ಅಚ್ಚಿಗೆ ಹೋದ ಮೇಲೆ ಮಂಗಳವಾರ ನನಗೆ ಬಿಡುವು. ಬೇಕಾದರೆ ಜೊತೆಗೆ ಬರುತ್ತೇನೆ. ಒಳಗೆ ಬರುವುದಿಲ್ಲ, ಹೊರಗಿನ ಮೇಜಿನಲ್ಲಿ ಚಹಾ ಕುಡಿಯುತ್ತಾ ಇರುತ್ತೇನೆ. ನೋಟ್‌ಬುಕ್ ಮರೆಯಬೇಡಿ.

ಸಂಪಾದಕ