ಗ್ರೀಸ್‌ನ ನಾಕ್ಸೋಸ್ ದ್ವೀಪದಲ್ಲಿ ಕಡಲಿಗೆ ಹೊಂದಿಕೊಂಡ ಬೊಟಿಕ್ ಹೋಟೆಲ್ ಬುಕ್ ಮಾಡುವ ಮುನ್ನ ಏನೇನು ನೋಡಬೇಕು?

ನಿಮ್ಮ ಪ್ರಶ್ನೆಯಿಂದ ಅರ್ಥವಾಗಿದ್ದಿಷ್ಟು: ಸೆಪ್ಟೆಂಬರ್ ಎರಡನೇ ವಾರ, ಐದು ರಾತ್ರಿ, ನೀವಿಬ್ಬರು ಮತ್ತು ಮಂಡಿನೋವಿರುವ ನಿಮ್ಮ ತಾಯಿ. ಮೂವರೂ ಸಸ್ಯಾಹಾರಿಗಳು. ಫೋಟೋ ನೋಡಿ ಪ್ಲಾಕಾ ಬೀಚಿನ ಒಂದು ಹೋಟೆಲ್ ಮನಸ್ಸಿಗೆ ಬಂದಿದೆ, ಹಣ ಕಟ್ಟಬಹುದಾ ಎಂದು ಕೇಳಿದ್ದೀರಿ.

ಇನ್ನೂ ಕಟ್ಟಬೇಡಿ. ನಾಕ್ಸೋಸ್‌ನಲ್ಲಿ ಮೊದಲು ಬೀಚ್ ಆರಿಸಬೇಕು, ಹೋಟೆಲ್ ಆಮೇಲೆ. ಹೋಟೆಲಿನವರು ರೂಮನ್ನು ಎಷ್ಟು ಚೆಂದ ಮಾಡಿದ್ದರೂ ಗಾಳಿ, ಮರಳು, ನೀರಿನ ಆಳ ಅವರ ಕೈಯಲ್ಲಿಲ್ಲ.

ಏಜಿಯನ್ ಸಮುದ್ರದಲ್ಲಿ ಬೇಸಿಗೆಯಿಡೀ ಬಡಗಣದಿಂದ ಬೀಸುವ ಒಣಗಾಳಿಗೆ ಮೆಲ್ಟೆಮಿ ಅಂತಾರೆ. ಜುಲೈ, ಆಗಸ್ಟ್ ಅದರ ಕಾಲ. ಸೆಪ್ಟೆಂಬರಿನಲ್ಲಿ ಜೋರು ತಗ್ಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಆಕಾಶ ಶುಭ್ರ ನೀಲಿಯಾಗಿರುವಾಗಲೇ ಇದು ಬೀಸುವುದರಿಂದ ಫೋಟೋದಲ್ಲಿ ಸುಳಿವೇ ಸಿಗುವುದಿಲ್ಲ. ಗಾಳಿಯ ಜೋರು ಅಳೆಯುವ ಬೋಫೋರ್ಟ್ ಮಾಪನದಲ್ಲಿ 5 ದಾಟಿತೆಂದರೆ ಮರಳು ಎದ್ದು ಕಾಲಿಗೆ ಚುಚ್ಚತೊಡಗುತ್ತದೆ. ಛತ್ರಿ ನಿಲ್ಲುವುದಿಲ್ಲ, ಪುಸ್ತಕದ ಹಾಳೆ ತಿರುವಲಾಗುವುದಿಲ್ಲ. ಹವಾಮಾನದ ಆ್ಯಪ್‌ನಲ್ಲಿ ಉಷ್ಣಾಂಶ ನೋಡಿ ಸುಮ್ಮನಾಗಬೇಡಿ, ಗಾಳಿಯ ಅಂಕಿ ಮತ್ತು ದಿಕ್ಕು ನೋಡಿ. ಗ್ರೀಕರೂ ನೋಡುವುದು ಅದನ್ನೇ.

ಒಳ್ಳೆಯ ಬೀಚುಗಳೆಲ್ಲ ದ್ವೀಪದ ಪಡುವಣ ದಂಡೆಯಲ್ಲಿ ಸಾಲಾಗಿವೆ. ಬಂದರು ಇರುವ ಮುಖ್ಯ ಪಟ್ಟಣ ಹೋರಾ. ಅದರ ತೆಂಕಣ ಅಂಚಿಗೇ ಆಗಿಯೋಸ್ ಜಾರ್ಜಿಯೋಸ್ ಬೀಚ್ ಇದೆ. ಅಲ್ಲಿಂದ ಮುಂದೆ ಆಗಿಯೋಸ್ ಪ್ರೊಕೋಪಿಯೋಸ್, ಆಗಿಯಾ ಆನ್ನಾ, ನಾಲ್ಕು ಕಿಲೋಮೀಟರ್ ಉದ್ದದ ಪ್ಲಾಕಾ, ಇನ್ನೂ ಕೆಳಗೆ ಮಿಕ್ರಿ ವಿಗ್ಲಾ. ಕೊನೆಯದು ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವವರ ಸ್ವರ್ಗ. ಅಂದರೆ ಗಾಳಿ ಬೇಡ ಎನ್ನುವವರು ದೂರವಿರಬೇಕಾದ ಜಾಗ.

ಪ್ರೊಕೋಪಿಯೋಸ್‌ಗೆ ವಾಯವ್ಯದಲ್ಲಿ ಸ್ಟೆಲಿಡಾ ಗುಡ್ಡ ಅಡ್ಡವಿರುವುದರಿಂದ ಗಾಳಿಯ ಕಾಟ ಕಡಿಮೆ, ನೀರು ಗಾಜಿನಂತೆ ತಿಳಿ. ಆದರೆ ಮರಳು ದಪ್ಪ ಕಾಳಿನದು, ಮತ್ತು ನೀರಿಗಿಳಿದ ನಾಲ್ಕಾರು ಹೆಜ್ಜೆಗೇ ತಳ ಇಳಿಜಾರಾಗುತ್ತದೆ. ಈಜು ಬಲ್ಲವರಿಗೆ ಅದು ಹಿತ. ಮಂಡಿ ನೋಯುವವರಿಗೆ ಇಳಿಯುವುದು ಸುಲಭ, ಹತ್ತಿ ಬರುವಾಗ ಕಷ್ಟ: ಕಾಲಡಿಯ ಮರಳು ಹಿಂದಕ್ಕೆ ಜಾರುತ್ತದೆ, ಬೆನ್ನಿಗೆ ಅಲೆ ತಳ್ಳುತ್ತದೆ. ಪ್ಲಾಕಾದ ಮರಳು ನಯ, ಜನಜಂಗುಳಿ ಕಡಿಮೆ, ಹಿಂದೆ ಮರಳದಿಬ್ಬಗಳಿವೆ. ಆದರೆ ನೇರವಾಗಿ ಚಾಚಿಕೊಂಡ ಬಯಲು ದಂಡೆ, ಗಾಳಿಗೆ ತಡೆಯಿಲ್ಲ. ಆಗಿಯೋಸ್ ಜಾರ್ಜಿಯೋಸ್ ಫೋಟೋದಲ್ಲಿ ಇವೆರಡರಷ್ಟು ಚೆಂದ ಕಾಣುವುದಿಲ್ಲ, ಪಟ್ಟಣದ ಬೀಚ್ ಎಂದು ಜನ ಮೂಗು ಮುರಿಯುವುದೂ ಉಂಟು. ಆದರೆ ಅಲ್ಲಿ ನೀರು ಬಹುದೂರದವರೆಗೆ ಮೊಣಕಾಲು, ಸೊಂಟದ ಮಟ್ಟದಲ್ಲೇ ಇರುತ್ತದೆ. ಔಷಧಿ ಅಂಗಡಿ, ಬೇಕರಿ, ಊಟದ ಮನೆಗಳಿಗೆ ನಡೆದೇ ಹೋಗಬಹುದು. ಸಂಜೆ ಬಂದರಿನ ತುದಿಯ ಪೊರ್ತಾರಾಗೂ ಹೋಗಿ ಬರಬಹುದು. ಅಪೊಲೊ ಗುಡಿ ಕಟ್ಟಲು ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಹೊರಟವರು ಅರ್ಧಕ್ಕೆ ಬಿಟ್ಟಾಗ ಉಳಿದುಕೊಂಡ ಅಮೃತಶಿಲೆಯ ಬಾಗಿಲುವಾಡ ಅದು. ನಿಮ್ಮ ಮೂವರ ತಂಡಕ್ಕೆ ನನ್ನ ಮತ ಆಗಿಯೋಸ್ ಜಾರ್ಜಿಯೋಸ್‌ಗೇ. ನೀವಿಬ್ಬರೇ ಆಗಿದ್ದರೆ ಪ್ಲಾಕಾಕ್ಕೆ ಹೂಂ ಅನ್ನುತ್ತಿದ್ದೆ.

ಈಗ ಹೋಟೆಲಿಗೆ ಬರೋಣ. ‘ಬೀಚ್‌ಫ್ರಂಟ್’ ಎಂದು ಬರೆದಿದ್ದರೆ ಮಧ್ಯೆ ರಸ್ತೆ ಇಲ್ಲ ಎಂದು ಅರ್ಥವಲ್ಲ. ಪ್ಲಾಕಾದಲ್ಲಿ ಬಹಳಷ್ಟು ಹೋಟೆಲುಗಳಿಗೂ ಮರಳಿಗೂ ನಡುವೆ ದಾರಿಯೊಂದು ಹಾದುಹೋಗುತ್ತದೆ, ಕೆಲವೆಡೆ ಮಣ್ಣಿನದೇ. ಕಾರು, ನಾಲ್ಕು ಚಕ್ರದ ಬೈಕು ಹೋದಾಗೆಲ್ಲ ಧೂಳು ಬಾಲ್ಕನಿಗೆ ಬರುತ್ತದೆ. ಮ್ಯಾಪಿನ ಉಪಗ್ರಹ ಚಿತ್ರ ತೆರೆದು ಕಟ್ಟಡದಿಂದ ನೀರಿನವರೆಗೆ ಅಳೆಯಿರಿ, ಎರಡು ನಿಮಿಷದ ಕೆಲಸ. ‘ಸೀ ವ್ಯೂ’ ಮತ್ತು ‘ಸೈಡ್ ಸೀ ವ್ಯೂ’ ನಡುವೆ ಬೆಲೆಯ ಅಂತರ ದೊಡ್ಡದು. ಎರಡನೆಯದರಲ್ಲಿ ಬಾಲ್ಕನಿಯ ಮೂಲೆಗೆ ಹೋಗಿ ಕತ್ತು ತಿರುಗಿಸಿದರೆ ಕಡಲು ಕಾಣುತ್ತದೆ. ಪಡುವಣಕ್ಕೆ ಮುಖವಿರುವ ರೂಮಿನಲ್ಲಿ ಸೂರ್ಯಾಸ್ತ ಉಚಿತ, ಆದರೆ ಮಧ್ಯಾಹ್ನ ಮೂರರಿಂದ ಗೋಡೆ ಕಾಯುತ್ತದೆ. ಎಸಿ ಇದೆಯಲ್ಲ ಅನ್ನಬೇಡಿ: ಬಾಲ್ಕನಿ ಬಾಗಿಲು ತೆರೆದರೆ ಎಸಿ ತಾನಾಗಿ ನಿಲ್ಲುವ ವ್ಯವಸ್ಥೆ ಅಲ್ಲಿ ಸಾಮಾನ್ಯ. ತಂಪು ಬೇಕೋ, ಕಡಲಿನ ಸದ್ದು ಬೇಕೋ, ಒಂದನ್ನೇ ಆರಿಸಬೇಕು.

ಬೊಟಿಕ್ ಅಂದರೆ ಕೆಲವೇ ರೂಮುಗಳ, ತನ್ನದೇ ಶೈಲಿಯ ಸಣ್ಣ ಹೋಟೆಲ್ ಅಷ್ಟೇ, ಅದರಿಂದ ಸೌಕರ್ಯದ ಮಟ್ಟ ತಿಳಿಯುವುದಿಲ್ಲ. ಅಲ್ಲಿ ಹೋಟೆಲುಗಳಿಗೆ ಸ್ಟಾರ್, ಬಾಡಿಗೆ ರೂಮು ಮತ್ತು ಅಪಾರ್ಟ್‌ಮೆಂಟುಗಳಿಗೆ ‘ಕೀ’ ಎಂಬ ಬೇರೆ ದರ್ಜೆ. ಹತ್ತು ರೂಮಿನ ಚೆಂದದ ಜಾಗಕ್ಕೆ ಸ್ಟಾರ್ ಇಲ್ಲದೆ ಕೀ ದರ್ಜೆ ಮಾತ್ರ ಇರಬಹುದು. ಅದರಲ್ಲಿ ತಪ್ಪೇನಿಲ್ಲ, ಆದರೆ ರಾತ್ರಿ ರಿಸೆಪ್ಷನ್‌ನಲ್ಲಿ ಯಾರೂ ಇರಲಿಕ್ಕಿಲ್ಲ, ಲಿಫ್ಟ್ ಇರಲಿಕ್ಕಿಲ್ಲ. ಸೈಕ್ಲಾಡಿಕ್ ಶೈಲಿ (ನಾಕ್ಸೋಸ್ ಇರುವ ಸೈಕ್ಲಾಡಿಸ್ ದ್ವೀಪಸಮೂಹದ ಶೈಲಿ) ಎಂದು ಫೋಟೋದಲ್ಲಿ ನಾವು ಮೆಚ್ಚುವುದೆಲ್ಲ ಗಾರೆಯಲ್ಲೇ ಕಟ್ಟಿದ್ದು. ಮಂಚ, ಸೋಫಾ, ಕಪಾಟು ಎಲ್ಲ ಗೋಡೆಯ ಜೊತೆ ಸೇರಿದ ಸುಣ್ಣದ ಬಿಳಿ ಕಟ್ಟೆಗಳು, ಅದರ ಮೇಲೆ ಹಾಸಿಗೆ. ಕತ್ತಲಲ್ಲಿ ಎದ್ದರೆ ಕಾಲಿನ ಕಿರುಬೆರಳಿಗೆ ಆ ಕಟ್ಟೆಯ ಮೂಲೆ ಖಾತ್ರಿ. ಎರಡು ಹಂತದ ರೂಮಾದರೆ ಮಲಗುವ ಜಾಗಕ್ಕೆ ಹಿಡಿಕೆಯಿಲ್ಲದ ಕಡಿದಾದ ಮೆಟ್ಟಿಲು. ಬಚ್ಚಲಿನಲ್ಲಿ ಶವರ್‌ಗೆ ಬಾಗಿಲೇ ಇಲ್ಲದೆ ಬರೀ ಗಾರೆಯ ಅಡ್ಡಗೋಡೆ ಇರುವುದುಂಟು, ಆಗ ಸ್ನಾನ ಮುಗಿಯುವಷ್ಟರಲ್ಲಿ ನೆಲವೆಲ್ಲ ಒದ್ದೆ, ನುಣುಪು. ಆದ್ದರಿಂದ ಹೋಟೆಲಿಗೆ ಇಮೇಲ್ ಬರೆದು ಇದನ್ನೇ ಕೇಳಿ: ಗೇಟಿನಿಂದ ರೂಮಿನವರೆಗೆ, ರೂಮಿನ ಒಳಗೆ, ರೂಮಿನಿಂದ ಮರಳಿನವರೆಗೆ ಎಷ್ಟು ಮೆಟ್ಟಿಲು? ಶವರ್‌ಗೆ ಬಾಗಿಲಿದೆಯೇ, ಹಿಡಿಕೆ ಇದೆಯೇ? ಮೂರನೆಯವರ ಹಾಸಿಗೆ ನಿಜವಾದ ಮಂಚವೋ, ಬಿಡಿಸಿ ಹಾಸುವ ಸೋಫಾವೋ? ಇವಕ್ಕೆ ನೇರ ಉತ್ತರ ಕೊಡದೆ ‘ನಮ್ಮ ಅತಿಥಿಗಳೆಲ್ಲ ಸಂತೋಷವಾಗಿದ್ದಾರೆ’ ಎಂದು ಬರೆಯುವ ಜಾಗ ಬಿಟ್ಟುಬಿಡಿ.

ನೆಲಮಹಡಿ ಕೊಡಿ ಎಂದು ಕೇಳುವುದು ಸರಿ, ಆದರೆ ಬೀಚಿನ ಸಾಲಿನಲ್ಲಿ ನೆಲಮಹಡಿಯ ರೂಮಿನ ಮುಂದೆಯೇ ಜನ ಓಡಾಡುತ್ತಾರೆ, ಮರಳೂ ಒಳಗೆ ಬರುತ್ತದೆ. ತೋಟದ ಕಡೆಗಿರುವ ನೆಲಮಹಡಿ ಕೇಳಿದರೆ ಬಾಡಿಗೆಯೂ ಇಳಿಯುತ್ತದೆ.

ದುಡ್ಡಿನ ಲೆಕ್ಕದಲ್ಲಿ ಬುಕಿಂಗ್ ಸೈಟಿನ ಮೊತ್ತವೇ ಕೊನೆಯಲ್ಲ. ಹವಾಮಾನ ಬಿಕ್ಕಟ್ಟಿನ ಶುಲ್ಕ ಎಂದು ಸರ್ಕಾರ ವಿಧಿಸುವ ತೆರಿಗೆಯನ್ನು ಹೋಟೆಲಿನಲ್ಲೇ ಬೇರೆಯಾಗಿ ಕಟ್ಟಬೇಕು. 2025ರಲ್ಲಿ ಏರಿಸಿದ ದರದಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ರಾತ್ರಿಗೆ 1–2 ಸ್ಟಾರ್ ಹೋಟೆಲಿಗೆ 2 ಯೂರೋ, 3 ಸ್ಟಾರ್‌ಗೆ 5, 4 ಸ್ಟಾರ್‌ಗೆ 10, 5 ಸ್ಟಾರ್‌ಗೆ 15. ಇದು ತಲೆಗಲ್ಲ, ರೂಮಿಗೆ. ನೀವು 4 ಸ್ಟಾರ್‌ನಲ್ಲಿ ಎರಡು ರೂಮು ತೆಗೆದುಕೊಂಡರೆ ಐದು ರಾತ್ರಿಗೆ 100 ಯೂರೋ, ಮೂವರಿಗೂ ಒಂದೇ ರೂಮಾದರೆ 50. ಹೋಟೆಲಿನವರು ಮೋಸ ಮಾಡುತ್ತಿದ್ದಾರೆ ಎಂದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರಿದ್ದಾರೆ, ಪಾಪ, ಅದು ಅವರ ಜೇಬಿಗೆ ಹೋಗುವ ದುಡ್ಡಲ್ಲ.

ಮರಳಿನ ಮೇಲಿನ ಮಂಚ-ಛತ್ರಿಯ ಬಗ್ಗೆಯೂ ಮೊದಲೇ ಕೇಳಿ: ಬಾಡಿಗೆಯಲ್ಲಿ ಸೇರಿದೆಯೇ, ದಿನಕ್ಕೆ ಇಷ್ಟು ಎಂದು ಕೊಡಬೇಕೇ, ಅಥವಾ ಇಂತಿಷ್ಟು ಯೂರೋದ ತಿಂಡಿ-ಪಾನೀಯ ತೆಗೆದುಕೊಂಡರೆ ಸಾಕೇ? ಮುಂದಿನ ಸಾಲಿಗೆ ದರ ಜಾಸ್ತಿ. ಕೊಡಲೇಬೇಕೆಂದೇನೂ ಇಲ್ಲ. ಗ್ರೀಸ್‌ನಲ್ಲಿ ಕಡಲತೀರ ಸಾರ್ವಜನಿಕ ಆಸ್ತಿ, ಯಾವ ಹೋಟೆಲಿಗೂ ‘ಖಾಸಗಿ ಬೀಚ್’ ಇರುವುದಿಲ್ಲ. ಪಕ್ಕದ ಪಾರೋಸ್ ದ್ವೀಪದಲ್ಲಿ 2023ರ ಬೇಸಿಗೆಯಲ್ಲಿ, ಮಂಚಗಳೇ ತೀರವನ್ನೆಲ್ಲ ನುಂಗಿವೆ ಎಂದು ಊರಿನವರು ಟವೆಲ್ ಹಿಡಿದು ಪ್ರತಿಭಟನೆಗಿಳಿದರು. ಮರುವರ್ಷ ಬಂದ ಕಾನೂನು, ಗುತ್ತಿಗೆಗೆ ಕೊಟ್ಟ ತೀರದಲ್ಲೂ ಅರ್ಧ ಭಾಗ ಮಂಚಗಳಿಲ್ಲದೆ ಖಾಲಿ ಇರಬೇಕು, ನೀರಿನಂಚಿನಿಂದ ನಾಲ್ಕು ಮೀಟರ್ ಬಿಡಬೇಕು ಎನ್ನುತ್ತದೆ. ಸ್ವಂತ ಟವೆಲ್ ಹಾಸಿ ಕೂರಲು ಯಾರ ಅಪ್ಪಣೆಯೂ ಬೇಡ. ರೂಮಿನ ಬಿಳಿ ಟವೆಲ್ ಮಾತ್ರ ಮರಳಿಗೆ ಒಯ್ಯಬೇಡಿ, ಬೀಚಿಗೆಂದೇ ಬೇರೆ ಕೊಡುತ್ತಾರೆ.

ರೂಮಿನಲ್ಲಿ ಹೊಸಬರು ಎಡವುವ ಒಂದೆರಡು ಸಂಗತಿ. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಬಾರದು, ಪಕ್ಕದ ಮುಚ್ಚಳದ ಬುಟ್ಟಿಗೆ. ಕೊಳವೆಗಳು ಸಣ್ಣವು, ಕಟ್ಟಿಕೊಂಡರೆ ರಾತ್ರಿ ಹೊತ್ತು ಪ್ಲಂಬರ್ ಸಿಗುವುದಿಲ್ಲ. ನಮ್ಮ ಕಡೆಯ ಹಾಗೆ ಕೈಪೈಪು ಇರುವುದಿಲ್ಲ, ಚೊಂಬಿನ ಬದಲು ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿಗೆ ಹಾಕಿಕೊಂಡರೆ ತಾಯಿಯವರಿಗೆ ನೆಮ್ಮದಿ. ನಲ್ಲಿ ನೀರು ಸ್ನಾನಕ್ಕೆ ಸರಿ, ಕುಡಿಯಲು ಬಾಟಲಿ ನೀರೇ ಕೊಳ್ಳಿ. 2024ರಲ್ಲಿ ಬರ ಬಿದ್ದು ಜಲಾಶಯ ಬತ್ತಿ, ಕಡಲನೀರನ್ನು ಸಿಹಿಯಾಗಿಸುವ ಯಂತ್ರಗಳನ್ನು ತರಿಸಬೇಕಾದ ದ್ವೀಪ ಇದು, ಬಕೆಟ್‌ಗಟ್ಟಲೆ ಸುರಿಯಬೇಡಿ. ವಿದ್ಯುತ್ 230 ವೋಲ್ಟ್, ನಮ್ಮ ಎರಡು ಕಡ್ಡಿಯ ಚಾರ್ಜರ್ ಸಾಮಾನ್ಯವಾಗಿ ಕೂರುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.

ಊಟಕ್ಕೆ ಹೆದರಬೇಡಿ. ಬೆಳಗಿನ ತಿಂಡಿಗೆ ಗಟ್ಟಿ ಮೊಸರು, ಜೇನು, ಹಣ್ಣು, ಬ್ರೆಡ್ಡು, ದ್ವೀಪದ್ದೇ ಗ್ರಾವಿಯೇರಾ ಚೀಸ್ ಇರುತ್ತವೆ. ನಾಕ್ಸೋಸ್ ಆಲೂಗಡ್ಡೆಗೆ ಇಡೀ ಗ್ರೀಸ್‌ನಲ್ಲಿ ಹೆಸರಿದೆ, ಎಲ್ಲಿ ಹೋದರೂ ಹುರಿದದ್ದು ಸಿಗುತ್ತದೆ. ಊಟದ ಮನೆಯಲ್ಲಿ ಫಾವಾ, ಅಂದರೆ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿದ್ದು. ಯಿಗಾಂತೆಸ್ ಎಂಬ ದೊಡ್ಡ ಅವರೆಯಂಥ ಕಾಳು. ಬದನೆ, ಆಲೂ, ಕುಂಬಳದ ಜಾತಿಯ ತರಕಾರಿ ಬೆಂದ ಬ್ರಿಯಾಮ್. ಟೊಮೆಟೊ ಒಳಗೆ ಅನ್ನ ತುಂಬಿದ ಯೆಮಿಸ್ತಾ ಕೇಳಿ. ಯೆಮಿಸ್ತಾದಲ್ಲಿ ಕೀಮಾ ಹಾಕುವ ಮನೆಗಳೂ ಇವೆ, ಕೇಳಿಯೇ ತರಿಸಿ. ಮೆನುವಿನಲ್ಲಿ ‘ನಿಸ್ತಿಸಿಮೊ’ ಎಂದಿದ್ದರೆ ಉಪವಾಸದ ಅಡುಗೆ: ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಅವರ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತವೆ. ಆದ್ದರಿಂದ ‘ಹೋರಿಸ್ ಕ್ರೇಆಸ್, ಹೋರಿಸ್ ಥಲಸಿನಾ’, ಮಾಂಸ ಬೇಡ, ಕಡಲಿನದ್ದೂ ಬೇಡ ಎಂದು ಎರಡನ್ನೂ ಹೇಳಿ. ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡಿಗೆ ಬಿಲ್ಲಿನಲ್ಲಿ ಒಂದೆರಡು ಯೂರೋ ಸೇರಿರುತ್ತದೆ.

ಹೋಗುವ ದಾರಿ. ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ನೇರ ಮೆಟ್ರೊ ಇದೆ, ಸುಮಾರು ಒಂದು ಗಂಟೆ. ರಾತ್ರಿ ಪೂರ್ತಿ ಓಡುವ ಎಕ್ಸ್96 ಬಸ್ಸೂ ಇದೆ. ದೊಡ್ಡ ಹಡಗು ಬೆಳಿಗ್ಗೆ ಏಳೂವರೆಯ ಸುಮಾರಿಗೆ ಹೊರಟು ಐದು ಗಂಟೆ ಚಿಲ್ಲರೆಯಲ್ಲಿ ನಾಕ್ಸೋಸ್ ಮುಟ್ಟುತ್ತದೆ. ಬೆಳಗಿನ ಮೊದಲ ಮೆಟ್ರೊ ನಂಬಿಕೊಂಡು ಅದನ್ನು ಹಿಡಿಯಲಾಗದು, ಹಿಂದಿನ ರಾತ್ರಿ ಪಿರೇಯಸ್‌ನಲ್ಲೇ ಉಳಿಯಿರಿ. ವೇಗದ ದೋಣಿ ಮೂರೂವರೆ ಗಂಟೆ ಎಂದು ಆಸೆ ತೋರಿಸುತ್ತದೆ, ಆದರೆ ಗಾಳಿಯಿದ್ದರೆ ಹೊಟ್ಟೆ ತೊಳಸುವುದು ಅದರಲ್ಲೇ ಹೆಚ್ಚು, ಮೊದಲು ರದ್ದಾಗುವುದೂ ಅದೇ. ದೊಡ್ಡ ಹಡಗಿನಲ್ಲಿ ಹಿಂಬದಿಯ ರ‍್ಯಾಂಪಿನಿಂದ ಹತ್ತಿದ ಕೂಡಲೇ ದ್ವೀಪಗಳ ಹೆಸರು ಬರೆದ ಕಪಾಟುಗಳಿರುತ್ತವೆ. ಸೂಟ್‌ಕೇಸನ್ನು ನಾಕ್ಸೋಸ್ ಎಂದಿರುವಲ್ಲಿ ಇಟ್ಟು, ಔಷಧಿ, ಪಾಸ್‌ಪೋರ್ಟಿನ ಚೀಲ ಮಾತ್ರ ಮೇಲೆ ಒಯ್ಯಿರಿ. ಇಳಿಯುವ ಘೋಷಣೆ ಕೇಳಿದೊಡನೆ ಕೆಳಗೆ ಬನ್ನಿ, ಹಡಗು ನಿಲ್ಲುವುದು ಕೆಲವೇ ನಿಮಿಷ. ಮಂಡಿನೋವು ಜಾಸ್ತಿಯಿದ್ದರೆ ಅಥೆನ್ಸ್‌ನಿಂದ ಮುಕ್ಕಾಲು ಗಂಟೆಯ ಸಣ್ಣ ವಿಮಾನವೇ ವಾಸಿ, ಲಗೇಜಿನ ತೂಕದ ಮಿತಿ ಮಾತ್ರ ಮೊದಲೇ ನೋಡಿಕೊಳ್ಳಿ. ಹಡಗು ಮಧ್ಯಾಹ್ನ ಒಂದಕ್ಕೆ ಮುಟ್ಟಿದರೂ ರೂಮು ಕೊಡುವುದು ಮೂರಕ್ಕೆ. ಲಗೇಜು ಇಟ್ಟುಕೊಳ್ಳುತ್ತಾರಾ, ಬಂದರಿಗೆ ವಾಹನ ಕಳಿಸುತ್ತಾರಾ ಎಂದು ಅದೇ ಇಮೇಲಿನಲ್ಲಿ ಸೇರಿಸಿ.

ವೀಸಾ ಕೈಗೆ ಬರುವ ಮುನ್ನ ಮರುಪಾವತಿ ಇಲ್ಲದ ದರಕ್ಕೆ ಕೈ ಹಾಕಬೇಡಿ, ಅದು ಹತ್ತಿಪ್ಪತ್ತು ಶೇಕಡಾ ಅಗ್ಗವಾಗಿ ಕಂಡರೂ. ಗ್ರೀಸ್‌ಗೆ ಬೇಕಾದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ) ವೀಸಾಕ್ಕೆ ವಯಸ್ಕರಿಗೆ 90 ಯೂರೋ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಸೆಪ್ಟೆಂಬರಿನ ಪ್ರಯಾಣಕ್ಕೆ ಮೇ ತಿಂಗಳಲ್ಲೇ ಅಪಾಯಿಂಟ್‌ಮೆಂಟ್ ಹುಡುಕಿ.

ವಾಪಸಾಗುವಾಗ ದ್ವೀಪದಿಂದ ಹೊರಡುವ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ಗಾಳಿ ಹೆಚ್ಚಾದರೆ ಬಂದರು ಅಧಿಕಾರಿಗಳು ಹಡಗುಗಳನ್ನೇ ತಡೆಯುತ್ತಾರೆ. ಹಡಗಿನ ಕಂಪನಿ ಟಿಕೆಟಿನ ಹಣ ಮರಳಿಸುತ್ತದೆ ಅಥವಾ ಮುಂದಿನ ಹಡಗಿಗೆ ಹತ್ತಿಸುತ್ತದೆ, ತಪ್ಪಿದ ವಿಮಾನಕ್ಕೆ ಹೊಣೆ ಹೊರುವುದಿಲ್ಲ. ಐದು ರಾತ್ರಿಯಲ್ಲಿ ನಾಲ್ಕನ್ನು ನಾಕ್ಸೋಸ್‌ನಲ್ಲಿಟ್ಟು ಕೊನೆಯದನ್ನು ಅಥೆನ್ಸ್‌ಗೆ ಬಿಡಿ.