ಮುಷ್ಟಿ ನಿಲ್ಲುವ ಜಾಗ

ಪತ್ರ: ನನ್ನ ಹನ್ನೆರಡು ವರ್ಷದ ಮಗಳು ಎರಡು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ. ಈಗ ಫೈಟ್ ಶುರು ಮಾಡಿಸಿದ್ದಾರೆ. ಹೋದ ವಾರ ತುಟಿ ಒಡೆದುಕೊಂಡು ಬಂದಳು. ಕೇಳಿದರೆ ‘ಪೆಟ್ಟು ತಿಂದರೇ ಗಟ್ಟಿಯಾಗೋದು’ ಅಂತಾರೆ ಮಾಸ್ಟರ್. ಫೈಟ್ ಬಿಡಿಸಿ ಬರೀ ಕಟಾ (ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ವರಸೆ) ಮಾಡಿಸಿದರೆ ಸಾಕಲ್ವಾ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:
ಅಮ್ಮಾ, ಫೈಟ್ ಬಿಡಿಸಬೇಡಿ. ಆದರೆ ಮಾಸ್ಟರ್ ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಅಳುಕು ಹೊಸದಲ್ಲ. 1922ರಲ್ಲಿ ಒಕಿನಾವಾದಿಂದ ಟೋಕಿಯೋಗೆ ಹೋಗಿ ಕರಾಟೆ ಕಲಿಸಿದ ಗಿಚಿನ್ ಫುನಾಕೋಶಿ ಅವರಿಗೂ ಫೈಟ್ ಹಿಡಿಸುತ್ತಿರಲಿಲ್ಲ. ಅವರಿಗೆ ಕಟಾನೇ ಎಲ್ಲ. ಕಾಲೇಜು ಹುಡುಗರಾಗಿದ್ದ ಅವರ ಶಿಷ್ಯರು ಮಾತ್ರ ಸುಮ್ಮನಿರಲಿಲ್ಲ, ಫೈಟ್ ಶುರು ಮಾಡಿಯೇಬಿಟ್ಟರು. ಅವರ ಕಡೆಯೂ ನ್ಯಾಯವಿದೆ. ಕಟಾದಲ್ಲಿ ಎದುರಾಳಿ ನಾವು ಅಂದುಕೊಂಡ ಕಡೆಯೇ ನಿಂತಿರುತ್ತಾನೆ. ನಿಜವಾದ ಮನುಷ್ಯ ಹಾಗೆ ನಿಲ್ಲೋದಿಲ್ಲ. ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು ಅನ್ನೋದು ಎದುರಿಗೆ ಆಳಿದ್ದರೇ ಬರುವುದು.

ಅದಕ್ಕೆ ಮೆಟ್ಟಿಲುಗಳಿವೆ. ಕರಾಟೆಯಲ್ಲಿ ಫೈಟ್‌ಗೆ ಕುಮಿತೆ ಅಂತಾರೆ. ಮೊದಲು ಗೋಹೋನ್ ಕುಮಿತೆ: ಎಲ್ಲಿಗೆ ಗುದ್ದುತ್ತೇನೆ ಅಂತ ಹೇಳಿಯೇ ಒಬ್ಬ ಐದು ಹೆಜ್ಜೆ ಮುಂದೆ ಬರುತ್ತಾನೆ, ಇನ್ನೊಬ್ಬ ತಡೆಯುತ್ತಾ ಹಿಂದೆ ಸರಿಯುತ್ತಾನೆ. ಆಮೇಲೆ ಇಪ್ಪೋನ್ ಕುಮಿತೆ, ಒಂದೇ ಗುದ್ದು. ಜಿಯು ಕುಮಿತೆ, ಅಂದರೆ ಬಿಡುಬೀಸಾದ ಫೈಟ್, ಕೊನೆಗೆ. ಇದನ್ನೆಲ್ಲ ಹಾರಿಸಿ ಮಕ್ಕಳನ್ನು ಎದುರುಬದುರು ನಿಲ್ಲಿಸಿ ‘ಹೂಂ, ಹೊಡೀರಿ’ ಅಂದರೆ ತುಟಿ ಒಡೆಯದೆ ಇನ್ನೇನಾಗುತ್ತೆ?

ಒಮ್ಮೆ ಒಂದು ಕ್ಲಾಸಿನಲ್ಲಿ ಕೂತು ನೋಡಿದ್ದೆ. ಬ್ಲ್ಯಾಕ್ ಬೆಲ್ಟ್ ಹುಡುಗಿಯೊಬ್ಬಳು ತನ್ನ ಭುಜಕ್ಕೂ ಬಾರದ ಹುಡುಗನ ಜೊತೆ ಆಡುತ್ತಿದ್ದಳು. ಮುಷ್ಟಿ ರಪ್ಪನೆ ಹೋಯಿತು. ಅವನ ಎದೆಯ ಮೇಲಿನ ಬಟ್ಟೆ ಅದುರಿತು, ಅಷ್ಟೇ. ಮೈಗೆ ತಾಗಲಿಲ್ಲ. ಹುಡುಗ ಕಣ್ಣು ಮುಚ್ಚಿಬಿಟ್ಟಿದ್ದ. ‘ಕಣ್ಣು ಬಿಟ್ಕೊಂಡಿರು, ಇನ್ನೊಂದು ಸಲ’ ಅಂದಳು. ನಾಲ್ಕನೇ ಸಲಕ್ಕೆ ಅವನು ಕಣ್ಣು ಮುಚ್ಚಲಿಲ್ಲ. ಹೀಗೆ ಮೈಗೆ ತಾಗುವ ಮುಂಚೆ ನಿಲ್ಲಿಸುವುದಕ್ಕೆ ಜಪಾನಿಯಲ್ಲಿ ಸುಂದೋಮೆ ಅಂತಾರೆ. ‘ಸುನ್’ ಅಂದರೆ ಸುಮಾರು 3 ಸೆಂಟಿಮೀಟರ್. ಗಟ್ಟಿತನ ಅಂದರೆ ನನಗೆ ಅದು.

ದೊಡ್ಡವರ ಪಂದ್ಯದಲ್ಲೂ ಇದೇ ಲೆಕ್ಕ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರ 75 ಕೆ.ಜಿ. ಮೇಲಿನ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರ ಒದೆತ ಇರಾನಿನ ಸಜಾದ್ ಗಂಜ್‌ಜಾದೆ ಅವರ ತಲೆಗೆ ಬಿತ್ತು. ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ. ಹತೋಟಿ ತಪ್ಪಿ ಹೊಡೆದದ್ದಕ್ಕೆ ಹಮೇದಿ ಅನರ್ಹರಾದರು. ನಿಮ್ಮ ಮಾಸ್ಟರಿಗೆ ಈ ಫೈನಲ್ ನೆನಪಿಸಿ.

ಈಗ ನೀವು ಮಾಡಬೇಕಾದ್ದು. ಒಂದು ದಿನ ಕ್ಲಾಸಿಗೆ ಹೋಗಿ ಕೊನೆಯವರೆಗೂ ಕೂತು ನೋಡಿ. ಮಗಳಿಗೆ ಯಾರನ್ನು ಜೋಡಿ ಮಾಡುತ್ತಾರೆ? ತೂಕ, ಎತ್ತರ, ಬೆಲ್ಟ್ ನೋಡುತ್ತಾರಾ? ಜೋರಾಗಿ ಹೊಡೆದವರನ್ನು ತಡೆಯುತ್ತಾರಾ, ಭೇಷ್ ಅನ್ನುತ್ತಾರಾ? ಮೌತ್ ಗಾರ್ಡ್ ಇಲ್ಲದೆ ಫೈಟ್ ಬೇಡವೇ ಬೇಡ. ಹೆಡ್ ಗಾರ್ಡ್ ಇದ್ದರೆ ಒಳ್ಳೆಯದು, ಆದರೆ ಅದನ್ನೇ ನಂಬಬೇಡಿ. ಅದು ಗಾಯ ತಡೆಯುತ್ತೆ, ಒಳಗೆ ಮೆದುಳು ಅಲುಗುವುದನ್ನು ತಡೆಯೋಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು ಏನೇ ಕಂಡರೂ ಅವತ್ತಿಗೆ ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅಲ್ಲಿ ನೋಡಿದ್ದು ಸರಿ ಅನ್ನಿಸದಿದ್ದರೆ ಕ್ಲಾಸ್ ಬದಲಾಯಿಸಿ, ಕರಾಟೆ ಬಿಡಿಸಬೇಡಿ. ಮತ್ತೆ, ಪತ್ರದಲ್ಲಿ ಒಂದು ಬರೆದಿಲ್ಲ ನೀವು: ತುಟಿ ಒಡೆದ ಮಾರನೇ ದಿನ ಮಗಳು ಕ್ಲಾಸಿಗೆ ಹೋಗುತ್ತೇನೆ ಅಂದಳಾ? ಅವಳನ್ನು ಕೇಳಿ ನನಗೆ ಬರೆಯಿರಿ.